ಉಂಗುರವೊಂದು ಸಡಿಲಿದರೆ…

ರಾತ್ರಿ ಹನ್ನೊಂದು ಗಂಟೆ ದಾಟಿದೆ. ಬೀದಿಯ ಸದ್ದು ಅಡಗಿದೆ, ಮಕ್ಕಳು ಮಲಗಿದ್ದಾರೆ, ಅಡುಗೆಮನೆಯ ದೀಪವೂ ಆರಿದೆ. ಆಗ ಬಚ್ಚಲಿನ ಕಡೆಯಿಂದ ಸಣ್ಣಗೆ, ಬಿಟ್ಟೂಬಿಡದೆ, ‘ಸುಯ್’ ಎಂಬ ಸದ್ದೊಂದು ಕೇಳಿಬರುತ್ತದೆ. ಹಗಲಿನಲ್ಲಿಯೂ ಅದು ಇದ್ದದ್ದೇ. ಮನೆಯ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ, ಅಷ್ಟೆ. ಯಜಮಾನರು ಎದ್ದು ಹೋಗಿ ನಲ್ಲಿಗಳನ್ನೆಲ್ಲ ಬಿಗಿಮಾಡಿ ಬರುತ್ತಾರೆ. ಸದ್ದು ನಿಲ್ಲುವುದಿಲ್ಲ. ಅದು ನಲ್ಲಿಯದಲ್ಲ, ಕಮೋಡಿನ ಹಿಂದಿರುವ ಫ್ಲಷ್ ತೊಟ್ಟಿಯದು. ‘ನಾಳೆ ಪ್ಲಂಬರನ್ನು ಕರೆಸಿದರಾಯಿತು’ ಎಂದುಕೊಂಡು ಮಗ್ಗುಲಾಗುತ್ತಾರೆ. ಆ ‘ನಾಳೆ’ ಬರುವುದಕ್ಕೆ ಎಷ್ಟೋ ಮನೆಗಳಲ್ಲಿ ತಿಂಗಳುಗಳೇ ಹಿಡಿಯುತ್ತವೆ.

ಈ ಸೋರಿಕೆ ಎಷ್ಟರದು? ನಿಮಿಷಕ್ಕೆ ಒಂದು ಲೋಟ, ಎಂದರೆ 200 ಮಿಲಿಲೀಟರ್ ನೀರು ಜಾರಿಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 12 ಲೀಟರ್. ದಿನಕ್ಕೆ 288 ಲೀಟರ್. ಒಳಚರಂಡಿಯುಳ್ಳ ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ. ಹಾಗಾದರೆ ಆ ಮನೆಯಲ್ಲಿ ಯಾರ ಕಣ್ಣಿಗೂ ಕಾಣದ ಇಬ್ಬರು ಅತಿಥಿಗಳು ಬೀಡುಬಿಟ್ಟಿದ್ದಾರೆಂದೇ ಅರ್ಥ! ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳ ಬಲದಿಂದ ಏರಿ ಬರುತ್ತದೆ. 2024ರ ಬೇಸಗೆಯಲ್ಲಿ ಆ ನಗರದ ಬಡಾವಣೆಗಳು ಟ್ಯಾಂಕರಿನ ದಾರಿ ಕಾದದ್ದನ್ನು ಗೃಹಿಣಿಯರು ಮರೆತಿರಲಾರರು. ಅಷ್ಟು ದೂರದಿಂದ ಬಂದ ನೀರು ಯಾರ ಬಾಯಾರಿಕೆಯನ್ನೂ ತಣಿಸದೆ, ಯಾವ ಗಿಡದ ಬೇರನ್ನೂ ನೆನೆಸದೆ ನೇರವಾಗಿ ಚರಂಡಿಗೆ ಸೇರುತ್ತದೆ.

ಇಷ್ಟಕ್ಕೆಲ್ಲ ಕಾರಣ ಬಹುಮಟ್ಟಿಗೆ ಒಂದು ರಬ್ಬರಿನ ಉಂಗುರ. ಅಂಗಡಿಯವರು ಅದನ್ನು ವಾಷರ್, ಸೀಲ್, ಗ್ಯಾಸ್ಕೆಟ್ ಎಂದು ನಾನಾ ಹೆಸರುಗಳಿಂದ ಕರೆಯುತ್ತಾರೆ. ನೀರಿನಲ್ಲಿ ಜಾರಿದ ಒಂದು ಉಂಗುರದಿಂದ ಶಕುಂತಲೆ ಪಟ್ಟ ಪಾಡು ಕಾಳಿದಾಸನ ನಾಟಕದಲ್ಲಿದೆ. ನೀರನ್ನೇ ಜಾರಗೊಡುವ ಈ ಉಂಗುರದಿಂದ ಗೃಹಸ್ಥರು ಪಡುವ ಪಾಡು ಮನೆಮನೆಯಲ್ಲಿದೆ.

ಉಂಗುರದ ಧರ್ಮ

ಎರಡು ಗಟ್ಟಿ ವಸ್ತುಗಳನ್ನು ಎಷ್ಟೇ ನಯಗೊಳಿಸಿ ಒಂದರ ಮೇಲೊಂದಿಟ್ಟರೂ ಅವುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ಆ ಸಂದುಗಳನ್ನು ತುಂಬಲು ಮೆತ್ತನೆಯ ಮೂರನೆಯ ವಸ್ತು ಬೇಕು. ಅದು ಒತ್ತಿದಾಗ ಬಾಗಬೇಕು. ಒತ್ತಡ ಸರಿದಾಗ ಮತ್ತೆ ತನ್ನ ರೂಪಕ್ಕೆ ಮರಳಬೇಕು. ಬಾಗದಿದ್ದರೆ ಸಂದು ತುಂಬದು. ಮರಳದಿದ್ದರೆ ತುಂಬಿದ ಸಂದು ನಿಲ್ಲದು. ಹಿಂದೆ ಈ ಕೆಲಸವನ್ನು ಚರ್ಮದ ಬಿಲ್ಲೆಗಳೂ ನಾರಿನ ಎಳೆಗಳೂ ಮಾಡುತ್ತಿದ್ದವು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಬಗೆಯನ್ನು ಕಂಡುಹಿಡಿದ ಮೇಲೆ, ಸೆಕೆಗೆ ಕರಗದ, ಚಳಿಗೆ ಬಿರಿಯದ ರಬ್ಬರು ಲೋಕಕ್ಕೆ ದೊರಕಿತು.

ಈ ಸಣ್ಣ ವಸ್ತುವಿನ ಮಹತ್ತ್ವ ಜಗತ್ತಿಗೆ ಮನದಟ್ಟಾದುದು ಒಂದು ದುರಂತದಿಂದ. 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ, ಅದರಲ್ಲಿದ್ದ ಏಳು ಮಂದಿಯೂ ಮಡಿದರು. ಅಂದಿನ ಕಡುಚಳಿಗೆ ಪೆಡಸಾದ ರಬ್ಬರಿನ ಉಂಗುರಗಳು ರಾಕೆಟ್ಟಿನ ಕೀಲಿನಲ್ಲಿ ಬಿಸಿ ಅನಿಲವನ್ನು ತಡೆಯಲಾಗಲಿಲ್ಲ. ವಿಚಾರಣೆಯ ಸಭೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಚೂರೊಂದನ್ನು ಹಿಡಿಕೆಯಲ್ಲಿ ಅದುಮಿ, ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಅದು ಕೂಡಲೇ ತನ್ನ ರೂಪಕ್ಕೆ ಮರಳದುದನ್ನು ಎಲ್ಲರಿಗೂ ತೋರಿಸಿದರು. ಮನೆಯ ತೊಟ್ಟಿಯಲ್ಲಿ ಪ್ರಾಣಾಪಾಯವೇನೂ ಇಲ್ಲ. ಆದರೆ ಉಂಗುರದ ಧರ್ಮ ಎರಡು ಕಡೆಯೂ ಒಂದೇ.

ಹಳೆಯ ಮನೆಗಳಲ್ಲಿ ತಲೆಯ ಮೇಲೆ, ಗೋಡೆಗೆ ತಗುಲಿಕೊಂಡಿದ್ದ ಎರಕದ ಕಬ್ಬಿಣದ ತೊಟ್ಟಿಯನ್ನೂ ಅದರ ಸರಪಳಿಯನ್ನೂ ನೆನಪಿಟ್ಟವರು ಈಗಲೂ ಇದ್ದಾರೆ. ಅದರೊಳಗೆ ಗಂಟೆಯಾಕಾರದ ಭಾರವಾದ ಮುಚ್ಚಳವೊಂದಿತ್ತು. ಸರಪಳಿ ಎಳೆದು ಬಿಟ್ಟಾಗ ನೀರು ನಡುಕೊಳವೆಯ ಬಾಯಿಯನ್ನು ದಾಟಿ ಇಳಿಯಲಾರಂಭಿಸಿ, ಸೈಫನ್ನಿನ ಸೆಳೆತದಿಂದ ತೊಟ್ಟಿ ಬರಿದಾಗುತ್ತಿತ್ತು. ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದುದರಿಂದ, ಎಳೆಯದ ಹೊರತು ನೀರು ಇಳಿಯುವಂತಿರಲಿಲ್ಲ. ಇಂದಿನ ತೊಟ್ಟಿಗಳು ನೋಟಕ್ಕೆ ಚೆಲುವು, ಸದ್ದಿನಲ್ಲಿ ಮೃದು. ಆದರೆ ಅವುಗಳ ತಳದಲ್ಲಿ ತೂತಿದೆ, ಆ ತೂತಿನ ಮೇಲೆ ಒಂದು ಸೀಲು ಹಗಲಿರುಳೂ ಕಾವಲು ಕುಳಿತಿದೆ. ಬ್ರಿಟನ್ನಿನಲ್ಲಿ ಬಹುಕಾಲ ಸೈಫನ್ ತೊಟ್ಟಿಯೇ ಕಡ್ಡಾಯವಾಗಿದ್ದು, 2001ರಿಂದಷ್ಟೇ ತಳದ ಕವಾಟಕ್ಕೆ ಅನುಮತಿ ದೊರೆಯಿತು. ಅಲ್ಲಿಂದೀಚೆಗೆ ಸದ್ದಿಲ್ಲದೆ ಸೋರುವ ತೊಟ್ಟಿಗಳ ಕಾಟ ಆ ನಾಡಿಗೂ ತಗುಲಿಕೊಂಡಿತು.

ಮೊದಲು ರೋಗನಿದಾನ

ರೋಗವರಿಯದೆ ಔಷಧ ಕೊಡುವ ವೈದ್ಯನಂತೆ, ಸೋರಿಕೆಯ ತಾಣವರಿಯದೆ ಸೀಲು ಕೊಂಡುತರುವವರೇ ಹೆಚ್ಚು. ಸಾಮಾನ್ಯವಾಗಿ ನಡೆಯುವ ಸಂಭಾಷಣೆ ಇಷ್ಟು:

“ಟ್ಯಾಂಕಿಗೆ ಹಾಕೋ ವಾಷರ್ ಒಂದು ಕೊಡ್ರಿ.”

“ಯಾವ ಸೈಜು ಸಾರ್?”

“ಮಾಮೂಲಿದು ಕೊಡ್ರಿ.”

‘ಮಾಮೂಲಿ’ ಎಂಬ ಅಳತೆ ಯಾವ ಕಾರ್ಖಾನೆಯಲ್ಲಿಯೂ ಇಲ್ಲ. ಮನೆಗೆ ತಂದ ಮೇಲೆ ಅದು ಒಂದು ಕೂದಲೆಳೆಯಷ್ಟು ದೊಡ್ಡದೋ ಚಿಕ್ಕದೋ ಆಗಿರುತ್ತದೆ. ಅದನ್ನೇ ತುರುಕಿ ಕೂರಿಸಲಾಗುತ್ತದೆ. ಎರಡು ದಿನ ಸದ್ದಡಗಿ, ಮೂರನೆಯ ರಾತ್ರಿ ಮತ್ತೆ ‘ಸುಯ್’!

ತಾಣವನ್ನು ಕಂಡುಹಿಡಿಯಲು ದೊಡ್ಡ ವಿದ್ಯೆಯೇನೂ ಬೇಡ. ಬಟ್ಟೆಗೆ ಹಾಕುವ ನೀಲಿಯ ನಾಲ್ಕಾರು ಹನಿಗಳನ್ನು ತೊಟ್ಟಿಯ ನೀರಿಗೆ ಬಿಟ್ಟು, ಫ್ಲಷ್ ಮಾಡದೆ ಅರ್ಧ ಗಂಟೆ ಕಾಯಬೇಕು. ಕಮೋಡಿನ ನೀರು ನೀಲಿಯಾದರೆ ತೊಟ್ಟಿಯಿಂದ ನೀರು ಜಾರುತ್ತಿರುವುದು ನಿಶ್ಚಯ. ಮುಂದೆ, ತೊಟ್ಟಿಯೊಳಗಿನ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ಗೋಡೆಯ ಬಳಿಯ ಕಾಕನ್ನು ಮುಚ್ಚಬೇಕು. ಸ್ವಲ್ಪ ಹೊತ್ತಿನಲ್ಲಿ ನೀರು ಗೆರೆಯಿಂದ ಕೆಳಗಿಳಿಯುತ್ತಾ ಹೋದರೆ ತಳದ ಸೀಲು ಸೋತಿದೆ. ಹಾಗಲ್ಲದೆ, ಕಾಕು ತೆರೆದಿದ್ದಾಗ ನೀರು ಏರುತ್ತಲೇ ಹೋಗಿ ಒಳಗಿನ ನಿಲುಗೊಳವೆಯ ಬಾಯಿಗೆ ಬೀಳುತ್ತಿದ್ದರೆ, ತಪ್ಪು ತಳದ ಸೀಲಿನದಲ್ಲ. ನೀರು ಒಳಬರುವ ಬಾಲ್‌ಕಾಕಿನ ಸಣ್ಣ ವಾಷರಿನದು, ಇಲ್ಲವೆ ಅದರ ತೇಲುಬುರುಡೆಯನ್ನು ಇರಿಸಿರುವ ಎತ್ತರದ್ದು. ಎತ್ತರದ ದೋಷವಾದರೆ ಅಂಗಡಿಗೆ ಹೋಗುವ ಪ್ರಮೇಯವೇ ಇಲ್ಲ. ತೇಲುಬುರುಡೆಯನ್ನು ತುಸು ತಗ್ಗಿಸಿದರೆ ಸಾಕು.

ನೀರು ಹೊರಗೆ ಕಾಣಿಸಿಕೊಂಡರೆ ವಿಚಾರ ಬೇರೆ. ಯಾವಾಗಲೂ ಹನಿಯುತ್ತಿದ್ದರೆ ಕಾಕಿನಿಂದ ತೊಟ್ಟಿಗೆ ಹೋಗುವ ಬಳುಕುಕೊಳವೆಯ ವಾಷರನ್ನು ನೋಡಬೇಕು. ಫ್ಲಷ್ ಮಾಡಿದಾಗ ಮಾತ್ರ ತೊಟ್ಟಿಯ ಅಡಿಯಿಂದ ಒಸರಿದರೆ, ತೊಟ್ಟಿಗೂ ಕಮೋಡಿಗೂ ನಡುವೆ ಇರುವ ದಪ್ಪ ಸ್ಪಂಜಿನಂಥ ಉಂಗುರ ಮುದಿಯಾಗಿದೆ. ಫ್ಲಷ್ ಮಾಡಿದಾಗ ನೆಲದ ಬಳಿ ನೀರು ಬಂದರೆ ಅದು ಎಲ್ಲಕ್ಕಿಂತ ಗಂಭೀರ. ಅದನ್ನು ಮುಂದೆ ನೋಡೋಣ.

ಬೆಲೆಯಲ್ಲ, ಗುಣ

ತಾಣ ಗೊತ್ತಾದ ಮೇಲೆ ವಸ್ತುವಿನ ಆಯ್ಕೆ. ಸಹಜವಾದ ರಬ್ಬರು ಅಗ್ಗ, ಬಹಳ ಮೆತ್ತಗೆ; ಆದರೆ ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಅದನ್ನು ಕ್ರಮೇಣ ತಿನ್ನುತ್ತದೆ. ಹಳೆಯ ಸೀಲನ್ನು ಮುಟ್ಟಿದಾಗ ಬೆರಳಿಗೆ ಕಾಡಿಗೆಯಂತೆ ಕಪ್ಪು ಹತ್ತಿದರೆ ಅದರ ಆಯುಷ್ಯ ತೀರಿತೆಂದೇ ತಿಳಿಯಬೇಕು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಹೆಗ್ಗಳಿಕೆ ಎಣ್ಣೆಯನ್ನು ತಾಳಿಕೊಳ್ಳುವುದರಲ್ಲಿದೆ. ತೊಟ್ಟಿಯಲ್ಲಿ ಆ ಗುಣಕ್ಕೆ ಕೆಲಸವಿಲ್ಲ. ಇ.ಪಿ.ಡಿ.ಎಂ. ಎಂಬ ಇನ್ನೊಂದು ಕೃತಕ ರಬ್ಬರು ನೀರಿನಲ್ಲಿ ಬಹುಕಾಲ ಬಾಳುತ್ತದೆ, ಕ್ಲೋರಿನ್ನಿಗೂ ಸುಲಭವಾಗಿ ಸೋಲದು. ಆದರೆ ಗ್ರೀಸು, ಪೆಟ್ರೋಲಿಯಂ ಜೆಲ್ಲಿ ಮುಂತಾದವು ತಗುಲಿದರೆ ಊದಿಕೊಳ್ಳುತ್ತದೆ. ‘ಜಾರಲಿ’ ಎಂದು ಜೆಲ್ಲಿ ಬಳಿದು ಕೂರಿಸುವ ಜಾಣತನ ಇಲ್ಲಿ ಮುಳುವಾಗುವುದು. ಒದ್ದೆ ಬೆರಳು ಸಾಕು. ಸಿಲಿಕೋನಿನ ಸೀಲು ಮೆತ್ತಗೆ, ಬಹುಕಾಲ ಪೆಡಸಾಗದು. ಆದರೆ ಉಗುರು ತಗುಲಿದರೂ ಹರಿದೀತು. ತಳದ ಕವಾಟ ಬೀಳುವುದೂ ಏಳುವುದೂ ದಿನಕ್ಕೆ ಹತ್ತಾರು ಸಲ. ಅಲ್ಲಿಗೆ ಇ.ಪಿ.ಡಿ.ಎಂ. ಅಥವಾ ಸಿಲಿಕೋನು ಒಪ್ಪುತ್ತದೆ. ಅಲುಗಾಡದೆ ಒಂದೇ ಸಮನೆ ಬಿಗಿದಿರುವ ಬಳುಕುಕೊಳವೆಯ ತಿರುಪಿನ ಕೆಳಗೆ ಚಪ್ಪಟೆಯಾದ ರಬ್ಬರಿನ ವಾಷರು ಸಾಕು. ಅಲ್ಲಿ ಸೀಲು ಹಾಕುವುದು ವಾಷರೇ. ತಿರುಪಿನ ಮೇಲೆ ಬಿಳಿಯ ಟೇಪನ್ನು ಎಷ್ಟು ಸುತ್ತಿದರೂ ಸವೆದ ವಾಷರಿಗೆ ಅದು ಬದಲಾಗದು.

ಅಳತೆಯ ಮಾತಿಗೆ ಬಂದರೆ, ಹಳೆಯ ಸೀಲನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದಕ್ಕೆ ಸಮನಾದ ಉಪಾಯವಿಲ್ಲ. ಒಳಸುತ್ತು, ಹೊರಸುತ್ತು, ದಪ್ಪ—ಈ ಮೂರನ್ನೂ ಹೊಸದರೊಡನೆ ಹೋಲಿಸಬೇಕು. ಹಳೆಯದು ವರ್ಷಾನುಗಟ್ಟಲೆ ಅದುಮಿಸಿಕೊಂಡು ತೆಳುವಾಗಿರುವುದರಿಂದ, ದಪ್ಪವನ್ನು ಸವೆಯದ ಅಂಚಿನಲ್ಲಿ ಅಳೆಯುವುದು ಲೇಸು. ತೊಟ್ಟಿಯ ಒಳಗೋ ಮುಚ್ಚಳದ ಮೇಲೋ ಇರುವ ತಯಾರಕರ ಹೆಸರನ್ನು ಬರೆದುಕೊಂಡಿದ್ದರೆ ಅಂಗಡಿಯವನ ಕೆಲಸವೂ ಹಗುರ. ಹತ್ತು ರೂಪಾಯಿ ಉಳಿಸಲೆಂದು ‘ಹತ್ತಿರ ಹತ್ತಿರ’ದ ಅಳತೆಗೆ ಒಪ್ಪುವುದು ಸಲ್ಲದು. ಸೀಲಿನ ವಿಷಯದಲ್ಲಿ ಹತ್ತಿರವೆಂಬುದೂ ಒಂದು ದೂರವೇ.

ಕೂರಿಸುವ ಕ್ರಮ

ಕಾಕನ್ನು ಮುಚ್ಚಿ, ತೊಟ್ಟಿಯನ್ನು ಬರಿದು ಮಾಡಿ, ಕವಾಟವನ್ನು ತಿರುಗಿಸಿ ಹೊರತೆಗೆದರೆ ಅದರ ಬುಡದಲ್ಲಿ ಸೀಲು ಕಾಣಿಸುತ್ತದೆ. ಹೊಸದನ್ನು ಹಾಕುವ ಮೊದಲು ಅದು ಕೂರುವ ಪೀಠದ ಸುತ್ತ ಬೆರಳಾಡಿಸಬೇಕು. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಅಲ್ಲಿ ಸುಣ್ಣದ ಪದರ ಮರಳಿನಂತೆ ಕೈಗೆ ತಗುಲುತ್ತದೆ. ಎಷ್ಟೋ ಸಲ ಸೀಲು ನಿರ್ದೋಷಿ. ಅಪರಾಧಿ ಈ ಪದರವೇ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಅದು ಬಿಡುತ್ತದೆ. ಚಾಕುವಿನಿಂದ ಕೆರೆದರೆ ಪೀಠದ ಮೇಲೆ ಗೀರುಬಿದ್ದು, ಯಾವ ಸೀಲಿನಿಂದಲೂ ಮುಚ್ಚಲಾಗದ ದಾರಿ ನೀರಿಗೆ ಸಿಕ್ಕೀತು. ಬ್ಲೀಚಿಂಗ್ ಪುಡಿ ಅಥವಾ ದ್ರವದೊಡನೆ ಆಮ್ಲವನ್ನು ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಅಪಾಯಕಾರಿ. ತೊಟ್ಟಿಯೊಳಗೇ ಹಾಕುವ ಕ್ಲೋರಿನ್ ಗುಳಿಗೆಗಳೂ ಸೀಲಿಗೆ ಶತ್ರುಗಳು.

ತಿರುಪುಗಳನ್ನು ಕೈಯಿಂದ ಬಿಗಿದು, ಅನಂತರ ಸ್ಪ್ಯಾನರಿನಿಂದ ಕಾಲು ಸುತ್ತಷ್ಟೇ ತಿರುಗಿಸಬೇಕು. ಬಿಗಿದಷ್ಟೂ ಭದ್ರ ಎಂಬುದು ಭ್ರಮೆ. ಅತಿಯಾಗಿ ಅದುಮಿದ ರಬ್ಬರು ಪಕ್ಕಕ್ಕೆ ಉಬ್ಬಿ ಜಾರುತ್ತದೆ; ಪಿಂಗಾಣಿಯಂತೂ ಎಚ್ಚರಿಕೆ ಕೊಡದೆ ಸೀಳುತ್ತದೆ. ಕೊನೆಯಲ್ಲಿ ಮತ್ತೆ ನೀಲಿಯ ಪರೀಕ್ಷೆ. ಹೊಸ ಸೀಲಿನ ಮೇಲೂ ನೀಲಿ ಇಳಿದರೆ ಪೀಠವೇ ಕೆಟ್ಟಿದೆಯೆಂದು ತಿಳಿದು, ಕವಾಟವನ್ನೇ ಬದಲಾಯಿಸಬೇಕು.

ನೆಲದ ಸಂದು, ನೆರೆಯ ನೆಮ್ಮದಿ

ಇನ್ನುಳಿದುದು ನೆಲದ ಬಳಿಯ ಸೋರಿಕೆ. ಕಮೋಡಿನ ಬಾಗಿದ ಕೊರಳಿನಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ದುರ್ವಾಸನೆಯನ್ನು ತಡೆಯುವ ಮೊದಲನೆಯ ಸೀಲು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆದರೆ ಆ ಕೊರಳಿನಾಚೆ, ಕಮೋಡು ಮಲದ ಕೊಳವೆಯನ್ನು ಕೂಡುವಲ್ಲಿ ಸಂದು ಬಿಟ್ಟರೆ, ನಿಂತ ನೀರು ಏನನ್ನೂ ತಡೆಯಲಾರದು. ವಾಸನೆಯೂ ಹೊಲಸು ನೀರೂ ನೆಲದೊಳಗಿಂದ ಮೇಲೆ ಬರುತ್ತವೆ.

ಅಮೆರಿಕದಲ್ಲಿ ಈ ಕೂಡುಗೆಗೆ ಮೇಣದ ಉಂಗುರವನ್ನು ಇಡುತ್ತಾರೆ. ಅದು ಅಗ್ಗ, ಸಂದನ್ನು ಚೆನ್ನಾಗಿ ತುಂಬುತ್ತದೆ. ಆದರೆ ಮೇಣಕ್ಕೆ ಬಾಗುವುದು ಗೊತ್ತೇ ಹೊರತು ಮರಳುವುದು ಗೊತ್ತಿಲ್ಲ. ಕಮೋಡನ್ನು ಒಮ್ಮೆ ಎತ್ತಿದರೆ ಹೊಸ ಉಂಗುರವೇ ಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಲ್ಲಿಗೆ ಸಿಮೆಂಟನ್ನು ಮೆತ್ತುತ್ತಿದ್ದರು. ಸಿಮೆಂಟಿಗಂತೂ ಎರಡೂ ತಿಳಿಯದು. ಕಮೋಡು ತುಸು ಅಲುಗಿದರೆ ಬಿರುಕು ಬಿಡುತ್ತದೆ. ಈಗ ದೊರೆಯುವ, ರಬ್ಬರಿನ ಮಡಿಕೆಗಳುಳ್ಳ ಪ್ಯಾನ್ ಕನೆಕ್ಟರು ಅಲುಗಾಟವನ್ನು ತಾಳಿಕೊಳ್ಳುತ್ತದೆ, ಬಿಚ್ಚಿ ಮತ್ತೆ ಹಾಕಲೂ ಬರುತ್ತದೆ. ಕಮೋಡು ಅಲುಗುತ್ತಿದ್ದರೆ ಮೊದಲು ಅದನ್ನು ನೆಲಕ್ಕೆ ಭದ್ರಗೊಳಿಸಬೇಕು. ಅಲುಗುವ ಪೀಠದ ಕೆಳಗೆ ಯಾವ ಉಂಗುರವೂ ಬಹುಕಾಲ ನಿಲ್ಲದು. ಈ ಕೆಲಸವನ್ನು ಅನುಭವಿಗೆ ಬಿಡುವುದೇ ಮೇಲು. ಆದರೆ ಏನು ಹಾಕುತ್ತಿದ್ದಾನೆಂದು ಮನೆಯವರು ಕೇಳಿ ತಿಳಿದಿರಬೇಕು.

ಸುತ್ತಲೂ ಬಿಳಿಯ ಸಿಮೆಂಟು ಬಳಿದು ‘ಸೋರಿಕೆ ನಿಂತಿತು’ ಎನ್ನುವುದು ಆತ್ಮವಂಚನೆ ಮಾತ್ರವಲ್ಲ, ನೆರೆಯವರಿಗೆ ಮಾಡುವ ಅನ್ಯಾಯ. ಮೇಲೆ ಬರಲಾರದ ನೀರು ಕೆಳಕ್ಕೆ ದಾರಿ ಹುಡುಕುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದು ಕೆಳಗಿನ ಮನೆಯ ಛಾವಣಿಯ ಮೇಲೆ ಹಳದಿಯ ಕಲೆಯಾಗಿ ಮೂಡುತ್ತದೆ. ಯುಗಾದಿಗೆ ಬೇವುಬೆಲ್ಲ ಹಂಚಿಕೊಂಡ ಎರಡು ಕುಟುಂಬಗಳು ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸುವಂತಾಗಲು ಇಂಥ ಒಂದು ಕಲೆ ಸಾಕು.

ಶೌಚಗೃಹದ ಕೆಲಸವೆಂದರೆ ಮೂಗು ಮುರಿದು, ಅದಕ್ಕೆ ಬೇರೊಬ್ಬನ ಕೈಯನ್ನೇ ಕಾಯುವ ಅಭ್ಯಾಸ ನಮ್ಮಲ್ಲಿ ಹಳೆಯದು. ಆದರೆ ತೊಟ್ಟಿಯಲ್ಲಿರುವುದು ಕೊಳಕಲ್ಲ. ನಲ್ಲಿಯಿಂದ ಇಳಿದು ಬಂದ ನೀರೇ. ಅದರಲ್ಲಿ ಕೈಯಿಡಲು ಯಾರೂ ಹೇಸಬೇಕಾಗಿಲ್ಲ. ರಜೆಯ ದಿನದ ಒಂದು ಗಂಟೆ, ಸರಿಯಾದ ಅಳತೆಯ ಒಂದು ಉಂಗುರ, ನಾಲ್ಕು ಹನಿ ನೀಲಿ—ಇಷ್ಟು ಕೂಡಿಬಂದರೆ ಆ ಇಬ್ಬರು ಕಾಣದ ಅತಿಥಿಗಳು ಹೇಳದೆ ಕೇಳದೆ ಹೊರಟುಹೋಗುತ್ತಾರೆ. ಅಂದು ರಾತ್ರಿ ಹನ್ನೊಂದಕ್ಕೆ ಯಜಮಾನರು ಕಿವಿಗೊಟ್ಟರೆ ಕೇಳುವುದು ಗೋಡೆ ಗಡಿಯಾರದ ಸದ್ದು ಮಾತ್ರ.