ಸರ್ ನಾರಾಯಣ ಗಣೇಶ ಚಂದಾವರ್ಕರ್: ವಕೀಲಿಯಿಂದ ಶಾಸನಸಭೆಗೆ

ವಕೀಲಿ ವೃತ್ತಿಯಿಂದ ಸಾರ್ವಜನಿಕ ಜೀವನಕ್ಕೆ, ಅಲ್ಲಿಂದ ಶಾಸನಸಭೆಗೆ ಸಾಗಿದ ಹಾದಿಯು ಹತ್ತೊಂಬತ್ತನೆಯ ಶತಮಾನದ ರಾಜಕಾರಣದ ಮುಖ್ಯ ಲಕ್ಷಣ. ಕನ್ನಡ ನೆಲದಲ್ಲಿ ಜನಿಸಿ ಈ ಹಾದಿಯಲ್ಲಿ ನಡೆದವರಲ್ಲಿ ಸರ್ ನಾರಾಯಣ ಗಣೇಶ ಚಂದಾವರ್ಕರ್ ಪ್ರಮುಖರು.

ಅವರು 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ಆಗ ಕೆನರಾ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಆಡಳಿತದ ಈ ಬದಲಾವಣೆಯಿಂದ ಇಲ್ಲಿಯ ವಿದ್ಯಾವಂತರು ಕಾಲೇಜು ಹಾಗೂ ಉಚ್ಚ ನ್ಯಾಯಾಲಯಗಳಿಗಾಗಿ ಮುಂಬಯಿಯತ್ತ ಮುಖ ಮಾಡಿದರು. ಚಂದಾವರ್ಕರರೂ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಕಾನೂನು ಪದವಿ ಪಡೆದರು. ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವವನ್ನೂ ವಹಿಸಿದರು.

1885ರಲ್ಲಿ ಇಂಗ್ಲೆಂಡಿನ ಸಾರ್ವತ್ರಿಕ ಚುನಾವಣೆಗೆ ಮುನ್ನ ಭಾರತದ ಅಹವಾಲನ್ನು ಅಲ್ಲಿಯ ಜನತೆಯ ಮುಂದಿಡಲು ಮೂವರ ನಿಯೋಗವೊಂದು ತೆರಳಿತು. ಮನಮೋಹನ ಘೋಷ್ ಮತ್ತು ಸೇಲಂ ರಾಮಸ್ವಾಮಿ ಮುದಲಿಯಾರರೊಡನೆ ಚಂದಾವರ್ಕರರೂ ಅದರಲ್ಲಿದ್ದರು. ಈ ಪ್ರಯಾಣದ ಸಾಮಾಜಿಕ ಅರ್ಥವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಅಂದಿನ ಸಂಪ್ರದಾಯಸ್ಥರ ದೃಷ್ಟಿಯಲ್ಲಿ ಸಮುದ್ರೋಲ್ಲಂಘನವು ನಿಷಿದ್ಧ. ಹಿಂದಿರುಗಿದವರು ಪ್ರಾಯಶ್ಚಿತ್ತ ಮಾಡಿಕೊಳ್ಳದಿದ್ದರೆ ಬಹಿಷ್ಕಾರಕ್ಕೆ ಗುರಿಯಾಗುವ ಸಂಭವವಿತ್ತು. ಬಹಿಷ್ಕಾರವೆಂದರೆ ಸಹಪಂಕ್ತಿ ಭೋಜನ, ಮದುವೆಯ ಸಂಬಂಧ, ಪುರೋಹಿತರ ಸೇವೆ ಇವೆಲ್ಲವೂ ನಿಂತುಹೋಗುವುದು. ಅದರ ಭಾರ ವ್ಯಕ್ತಿಯೊಬ್ಬನ ಮೇಲಷ್ಟೇ ಅಲ್ಲದೆ ಮನೆತನದ ಮೇಲೂ ಬೀಳುತ್ತಿತ್ತು. ಆದುದರಿಂದ ಈ ಯಾತ್ರೆಯು ರಾಜಕೀಯ ಕಾರ್ಯವಾಗಿದ್ದಂತೆಯೇ ಆಚಾರವನ್ನು ಮೀರಿದ ನಡೆಯೂ ಆಗಿತ್ತು. ನಿಯೋಗವು ಮರಳಿದ್ದು ಡಿಸೆಂಬರ್ 28ರಂದು, ಮುಂಬಯಿಯಲ್ಲಿ ಕಾಂಗ್ರೆಸ್ಸು ಸ್ಥಾಪನೆಗೊಂಡ ದಿನವೇ.

1900ರ ಲಾಹೋರ್ ಅಧಿವೇಶನದಲ್ಲಿ ಚಂದಾವರ್ಕರರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ನೇಮಕಗೊಂಡ ಮೇಲೆ ರಾಜಕೀಯದಿಂದ ದೂರವಿದ್ದು, ಸಮಾಜ ಸುಧಾರಣೆಯಲ್ಲಿ ತೊಡಗಿದರು. ರಾನಡೆಯವರ ನಿಧನಾನಂತರ ಪ್ರಾರ್ಥನಾ ಸಮಾಜದ ನೇತೃತ್ವ ಅವರದಾಯಿತು. ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ದಲಿತರ ಶಿಕ್ಷಣಕ್ಕಾಗಿ ಆರಂಭಿಸಿದ ಸಂಸ್ಥೆಗೆ ಅವರು ಅಧ್ಯಕ್ಷರಾದರು. ಕನ್ನಡ ನಾಡಿನಲ್ಲಿ ಹುಟ್ಟಿದ ಇಬ್ಬರು ಮುಂಬಯಿಯಲ್ಲಿ ಒಂದೇ ಕಾರ್ಯಕ್ಕೆ ಕೈಜೋಡಿಸಿದ ಈ ಸಂಗತಿ ಉಲ್ಲೇಖಾರ್ಹ.

ಮಂದಗಾಮಿಯಾಗಿದ್ದರೂ ಅವರು ಅನ್ಯಾಯದ ಮುಂದೆ ಮೌನ ವಹಿಸಲಿಲ್ಲ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಗೆಗಿನ ಹಂಟರ್ ಸಮಿತಿಯ ವರದಿಯನ್ನು ಪ್ರತಿಭಟಿಸಿ 1920ರಲ್ಲಿ ಮುಂಬಯಿಯಲ್ಲಿ ನಡೆದ ಸಭೆಗೆ ಅವರದೇ ಅಧ್ಯಕ್ಷತೆ. ಅಲ್ಲಿ ನಿರ್ಣಯವನ್ನು ಮಂಡಿಸಿದವರು ಗಾಂಧೀಜಿ. 1921ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿನ ಅಧ್ಯಕ್ಷರಾದರು. 1923ರ ಮೇ 14ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಹುಟ್ಟು ಹೊನ್ನಾವರದಲ್ಲಿ, ಸಾವು ಬೆಂಗಳೂರಿನಲ್ಲಿ. ನಡುವಿನ ಕರ್ಮಭೂಮಿ ಮುಂಬಯಿ. ಪ್ರಾಂತಗಳ ಗಡಿಯನ್ನೇ ಅಳತೆಗೋಲಾಗಿಸಿಕೊಂಡ ಚರಿತ್ರೆಯಲ್ಲಿ ಇಂಥವರು ಎರಡೂ ಕಡೆ ಹೊರಗಿನವರಾಗಿ ಉಳಿಯುವ ಅಪಾಯವಿದೆ. ಅವರು ಎದುರಿಸಿದ ಆಚಾರ ಮತ್ತು ಕಾನೂನುಗಳ ಸಂಘರ್ಷವು ಕರಾವಳಿಯ ಸಮಾಜದ್ದೇ ಆಗಿರುವುದರಿಂದ, ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಅವರಿಗೆ ಸ್ಥಾನ ಸಲ್ಲಬೇಕು.