ಕೂಸಿನ ಊಟದಲ್ಲಿ ಸೀಸ

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು. ನೀರೂ ಬೇಡ. ಆಮೇಲೆ ಹಾಲಿನ ಜೊತೆಗೆ ಊಟ ಶುರು ಮಾಡ್ತೀವಿ. ರಾಗಿ ಸರಿ ಕಾಸ್ತೀವಿ. ಅನ್ನ ಬೇಳೆ ಕಿವುಚಿ ತಿನ್ನಿಸ್ತೀವಿ. ಚಿಟಿಕೆ ಅರಿಸಿನ ಹಾಕ್ತೀವಿ. ಕೈ ತೊಳೆದು, ಪಾತ್ರೆ ಬೆಳಗಿ, ನೀರು ಕುದಿಸಿ ಆರಿಸಿ ಕೊಡ್ತೀವಿ. ಇಷ್ಟು ಮಾಡಿದರೂ ಹೋಗದ ವಿಷ ಒಂದಿದೆ. ಅದರ ಹೆಸರು ಸೀಸ.

ಸೀಸ ಎಂದರೆ ಎಣ್ಣೆ ಹಾಕುವ ಸೀಸೆ ಅಲ್ಲ. ಅದು ಕಬ್ಬಿಣ, ತಾಮ್ರದ ಹಾಗೆ ಒಂದು ಲೋಹ. ತೂಕ ಬಹಳ, ಆದರೆ ಮೆತ್ತಗೆ. ಟ್ರ್ಯಾಕ್ಟರ್ ಬ್ಯಾಟರಿಯ ಒಳಗೆ ಇರುವುದು ಇದೇ. ನಾವು ಬರೆಯುವ ಪೆನ್ಸಿಲಿಗೆ ಸೀಸದಕಡ್ಡಿ ಅಂತಾರೆ. ಅದರಲ್ಲಿ ಸೀಸ ಇಲ್ಲ, ಹೆಸರು ಮಾತ್ರ. ಹೆದರಬೇಡಿ.

ರೋಗದ ಹುಳ ಕುದಿಸಿದರೆ ಸಾಯುತ್ತದೆ. ಸೀಸಕ್ಕೆ ಜೀವವೇ ಇಲ್ಲ, ಸಾಯುವುದು ಹೇಗೆ? ಎಷ್ಟು ಕುದಿಸಿದರೂ ಅಲ್ಲೇ ಇರುತ್ತದೆ. ರುಚಿಯಿಂದ, ವಾಸನೆಯಿಂದ ಗೊತ್ತಾಗುವುದಿಲ್ಲ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತಕ್ಕೆ ಸೇರಿ ಮೂಳೆಯಲ್ಲಿ ಕೂರುತ್ತದೆ. ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ. ಮಗು ಆಡಿಕೊಂಡೇ ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಶಾಲೆಗೆ ಹೋದಾಗ ಪಾಠ ತಲೆಗೆ ಹತ್ತುವುದಿಲ್ಲ. ಅಂಥ ಹುಡುಗನಿಗೆ 'ದಡ್ಡ' ಎಂದು ಹೆಸರಿಡುವುದು ಸುಲಭ. ಅವನ ರಕ್ತದಲ್ಲಿ ಏನಿದೆ ಎಂದು ನೋಡುವವರು ಕಡಿಮೆ.

ಇಂಥ ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಅಲ್ಲ. ನಮ್ಮ ದೇಶದ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿದೆ ಎಂದು ಯುನಿಸೆಫ್ ಸಂಸ್ಥೆ 2020ರಲ್ಲಿ ಹೇಳಿತು. ಒಂದು ಕಾಲಕ್ಕೆ ಪೆಟ್ರೋಲಿಗೂ ಸೀಸ ಬೆರೆಸುತ್ತಿದ್ದರು. 2000ದಲ್ಲಿ ಅದು ನಿಂತಿತು. ಅದಕ್ಕಾಗಿ ದುಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಒಬ್ಬರು.

ಹಾಗಾದರೆ ಊಟಕ್ಕೆ ಸೀಸ ಎಲ್ಲಿಂದ ಬರುತ್ತದೆ? ಮೊದಲು ಅರಿಸಿನ ನೋಡೋಣ. ಅರಿಸಿನದ ಕೊಂಬು ಮಂಕಾಗಿದ್ದರೆ ಬೆಲೆ ಸಿಗುವುದಿಲ್ಲ. ಹೊಳಪು ಬರಲೆಂದು ಕೆಲವು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಾರೆ. ಅದರಲ್ಲಿರುವುದು ಸೀಸ. ಬಾಂಗ್ಲಾದೇಶದಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಕಂಡಿತು. ಎಲ್ಲಿಂದ ಬಂತು ಎಂದು ಹುಡುಕಿದರೆ ಅಡುಗೆಮನೆಯ ಅರಿಸಿನ! 2019ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ತಪಾಸಣೆ ಮಾಡಿ ದಂಡ ಹಾಕಿತು. ಜನರಿಗೂ ತಿಳಿಸಿತು. ಆ ವರ್ಷ ಪರೀಕ್ಷೆ ಮಾಡಿದ ಅರಿಸಿನದಲ್ಲಿ ಹೆಚ್ಚು ಕಡಿಮೆ ಅರ್ಧ ಕೆಟ್ಟದ್ದಿತ್ತು. 2021ರಲ್ಲಿ ಒಂದೂ ಸಿಗಲಿಲ್ಲ. ಎರಡೇ ವರ್ಷ ಸಾಕಾಯಿತು ನೋಡಿ. ನಮ್ಮ ದೇಶದ ಪಾಟ್ನಾ, ಗುವಾಹಟಿ, ಚೆನ್ನೈ ಪೇಟೆಯ ಕೆಲವು ಅರಿಸಿನದಲ್ಲೂ ಸೀಸ ಇತ್ತೆಂದು 2024ರಲ್ಲಿ ವರದಿ ಬಂತು.

ಅರಿಸಿನದ ಕೊಂಬು ತಂದು ಮನೆಯಲ್ಲೇ ಕುಟ್ಟುವುದು ಒಳ್ಳೆಯದು. ಕುಟ್ಟುವ ಮೊದಲು ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ಹಾಕಿದ ಕೂಡಲೇ ಬಣ್ಣ ಬಿಟ್ಟರೆ ಅದು ಬೇಡ. ಪುಡಿಯೇ ತರುವುದಾದರೆ ಪೊಟ್ಟಣ ಓದಿ ತನ್ನಿ. ಅದರ ಮೇಲೆ ಎಫ್‌ಎಸ್‌ಎಸ್‌ಎಐ ಎಂಬ ಗುರುತು, 14 ಅಂಕಿಯ ಸಂಖ್ಯೆ ಇರಬೇಕು. ಎಣಿಸಿ ನೋಡಿ, ಈಗ ನಮಗೆ ಅಂಕಿ ಬರುತ್ತದಲ್ಲ! ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಅರಿಸಿನ ಕುಂಕುಮ ಗುಡ್ಡೆ ಹಾಕಿ ಮಾರುತ್ತಾರೆ. ಅದು ಪೂಜೆಗೆ. ಮಿಕ್ಕಿತು ಎಂದು ಸಾರಿಗೆ ಹಾಕಬಾರದು. ಎಷ್ಟೋ ಪೊಟ್ಟಣದ ಮೇಲೆ 'ಪೂಜೆಗೆ ಮಾತ್ರ' ಎಂದು ಬರೆದೇ ಇರುತ್ತದೆ.

"ಡಬ್ಬಿ ಊಟ ಆದ್ರೆ ಚೊಲೋ ಇರ್ತೈತೇನ್ರೀ?" ಎಂದು ಕೇಳುವವರಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಮಾರುವ ಸೇಬಿನ ಊಟದಲ್ಲಿ ಸೀಸ ಸಿಕ್ಕಿತು. ಅದಕ್ಕೆ ಹಾಕಿದ್ದ ಚಕ್ಕೆ ಪುಡಿ ಕಲಬೆರಕೆ. ನೂರಾರು ಮಕ್ಕಳ ರಕ್ತಕ್ಕೆ ವಿಷ ಸೇರಿತು. ದುಡ್ಡು ಹೆಚ್ಚು ಕೊಟ್ಟ ಮಾತ್ರಕ್ಕೆ ಊಟ ಶುದ್ಧ ಆಗುವುದಿಲ್ಲ. ಮನೆಯ ರಾಗಿ ಸರಿಗೆ ನಾಚಿಕೆ ಬೇಡ.

ಪಾತ್ರೆಯಿಂದಲೂ ಸೀಸ ಬರುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ, ಹಿಂಡಾಲಿಯಂ ಪಾತ್ರೆಗಳಲ್ಲಿ ಅದು ಸೇರಿರಬಹುದು. ಹುಣಿಸೆಹುಳಿ ಹಾಕಿ ಕುದಿಸಿದಾಗ ಸಾರಿಗೆ ಬಿಡುತ್ತದೆ. ಕಲಾಯಿಗೆ ಬರೀ ತವರ ಇರಬೇಕು, ಸೀಸ ಬೆರೆಸಬಾರದು. ಕೂಸಿನ ಊಟಕ್ಕೆ ಒಂದು ಸ್ಟೀಲ್ ಪಾತ್ರೆ ಬೇರೆ ಇಟ್ಟುಕೊಂಡರೆ ಚಿಂತೆ ಇಲ್ಲ. ಪೇಟೆಯ ಸುರ್ಮಾ ಕೂಸಿನ ಕಣ್ಣಿಗೆ ಹಚ್ಚಬೇಡಿ. ಕಣ್ಣುಜ್ಜಿದ ಕೈ ಬಾಯಿಗೆ ಹೋಗುತ್ತದೆ. ಯಾರೋ ಕೊಟ್ಟ ಭಸ್ಮವನ್ನು ನೆಕ್ಕಿಸಬೇಡಿ.

ಇನ್ನು ನೀರು. ಯಾದಗಿರಿ ಜಿಲ್ಲೆ ಸುರಪುರ ಕಡೆಯ ಕಿರದಳ್ಳಿ ತಾಂಡಾದ ಬೋರ್ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣ ಸಿಕ್ಕಿತು. ಅದು ಹಳೆಯ ಚಿನ್ನದ ಗಣಿಯ ಸೀಮೆ. ತಪಾಸಣೆ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮ ಕೆಟ್ಟಿತ್ತು ಎಂದು 2013ರಲ್ಲಿ ವರದಿ ಬಂತು. ನಮ್ಮ ಚಿತ್ರದುರ್ಗ ಜಿಲ್ಲೆಯ ಕಾಟ ಬೇರೆ, ಇಲ್ಲಿ ಫ್ಲೋರೈಡ್. ಅದು ಲೋಹ ಅಲ್ಲ, ಆದರೆ ಕುದಿಸಿದರೆ ಅದೂ ಹೋಗುವುದಿಲ್ಲ. ಸರಿ ಕಾಸಲು ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಹಸಿದ ಹೊಟ್ಟೆ ಸೀಸವನ್ನು ಬೇಗ ಹೀರುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು ಹೀರುತ್ತದೆ. ಆದ್ದರಿಂದ ರಾಗಿ, ನುಗ್ಗೆಸೊಪ್ಪು, ಮೊಟ್ಟೆ ಬಿಡಬೇಡಿ. ಬಸುರಿಯರು ಕಬ್ಬಿಣದ ಮಾತ್ರೆಯನ್ನು ಗೂಡಿನಲ್ಲಿ ಇಡದೆ ನುಂಗಬೇಕು. ತಾಯಿಯ ಮೂಳೆಯಲ್ಲಿದ್ದ ಸೀಸ ಹೊಟ್ಟೆಯ ಕೂಸಿಗೂ ಇಳಿಯುತ್ತದೆ.

ಮನೆಯಲ್ಲಿ ಯಾರಾದರೂ ಬ್ಯಾಟರಿ ಒಡೆಯುವ ಇಲ್ಲವೇ ಬಣ್ಣ ಕೆರೆಯುವ ಕೆಲಸಕ್ಕೆ ಹೋಗುತ್ತಿದ್ದರೆ, ಬಂದ ಕೂಡಲೇ ಬಟ್ಟೆ ಬದಲಿಸಿ ಮೈ ತೊಳೆದು ಕೂಸನ್ನು ಎತ್ತಿಕೊಳ್ಳಲಿ. ಮಗುವಿಗೆ ಪದೇ ಪದೇ ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆ ಇದ್ದರೆ ಡಾಕ್ಟರ ಹತ್ತಿರ ಈ ಕೆಲಸದ ವಿಷಯವನ್ನೂ ಹೇಳಿ. ಸೀಸ ಇದೆಯೋ ಇಲ್ಲವೋ ಎಂಬುದು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.