ಬೇವಿನ ಪೇಟೆಂಟು ಮತ್ತು ಪೂರ್ವಜ್ಞಾನದ ಪರೀಕ್ಷೆ: ಗಜೇಂದ್ರಗಡ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶವು ಬಹುಪಾಲು ಒಣಬೇಸಾಯದ ಸೀಮೆ. ಹೊಲದ ಬದುವಿನಲ್ಲಿಯೂ ಊರ ಕಟ್ಟೆಯ ಮೇಲೂ ಬೇವಿನ ಮರ ಇಲ್ಲಿ ಸಾಮಾನ್ಯ. ಕಾಳಿನ ಸಂಗ್ರಹಕ್ಕೆ ಬೇವಿನ ಎಲೆ, ಭೂಮಿಗೆ ಬೇವಿನ ಹಿಂಡಿ, ಕಡಲೆ ಮತ್ತು ಹತ್ತಿಯ ಹುಳುಬಾಧೆಗೆ ಬೇವಿನ ಬೀಜದ ಕಷಾಯ ಇವು ಇಲ್ಲಿಯ ರೈತರಿಗೆ ಹೊಸ ಸಂಗತಿಗಳಲ್ಲ. ಹೀಗಿರುವಾಗ ಬೇವಿನ ರಾಸಾಯನಿಕಗಳ ಮೇಲೆ ವಿದೇಶಗಳಲ್ಲಿ ಪೇಟೆಂಟು ದೊರೆತದ್ದು ಹೇಗೆ? ದೊರೆತ ಪೇಟೆಂಟು ರದ್ದಾದದ್ದು ಯಾವ ಆಧಾರದಿಂದ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ, ಜನಜ್ಞಾನವು ಕಾನೂನಿನ ಕಣ್ಣಿಗೆ ಬೀಳಬೇಕಾದರೆ ಯಾವ ರೂಪದಲ್ಲಿರಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಯ ಕ್ರಮ

ಪೇಟೆಂಟು ಅರ್ಜಿಯ ಪ್ರಾಣ ಅದರ ಹಕ್ಕುಕೋರಿಕೆಯಲ್ಲಿದೆ. ಪರೀಕ್ಷಕನು ತೂಗುವುದು ಆ ಕೋರಿಕೆಯ ಶಬ್ದಗಳನ್ನು. ಅರ್ಜಿಯ ದಿನಾಂಕಕ್ಕೆ ಮೊದಲು ಸಾರ್ವಜನಿಕರಿಗೆ ಲಭ್ಯವಿದ್ದ ಎಲ್ಲ ತಿಳಿವಳಿಕೆಯನ್ನು ಪೂರ್ವಜ್ಞಾನ ಎನ್ನುತ್ತಾರೆ. ಕೋರಿಕೆಯ ಎಲ್ಲ ಅಂಶಗಳೂ ಒಂದೇ ಆಧಾರದಲ್ಲಿ ಮೊದಲೇ ಕಂಡುಬಂದರೆ ನಾವೀನ್ಯ ಇಲ್ಲವಾಗುತ್ತದೆ. ಎಲ್ಲವೂ ಒಂದೆಡೆ ದೊರೆಯದಿದ್ದರೂ, ಆ ಶಾಸ್ತ್ರದಲ್ಲಿ ನುರಿತವನಿಗೆ ಅದು ಸಹಜವಾಗಿ ಹೊಳೆಯುವಂಥದಾದರೆ ಆವಿಷ್ಕಾರದ ಹೆಜ್ಜೆ ಇಲ್ಲವಾಗುತ್ತದೆ. ರಾಸಾಯನಿಕ ಸಂಯುಕ್ತವಾದರೆ ಮೊದಲು ಅದರ ಅಣುರಚನೆಯನ್ನು ಹಿಂದಿನ ಪ್ರಕಟಣೆಗಳಲ್ಲಿ ಹುಡುಕುತ್ತಾರೆ. ಬಳಿಕ ರಚನೆಯಲ್ಲಿ ಅದಕ್ಕೆ ಹತ್ತಿರವಾದ ಸಂಯುಕ್ತಗಳೊಡನೆ ಹೋಲಿಸುತ್ತಾರೆ.

ಭಾರತದ 1970ರ ಪೇಟೆಂಟು ಕಾಯಿದೆಯಲ್ಲಿ 13ನೆಯ ಕಲಮು ಈ ಹುಡುಕಾಟಕ್ಕೆ ಸಂಬಂಧಿಸಿದೆ. 3ನೆಯ ಕಲಮಿನ (ಡಿ) ಉಪಕಲಮಿನಂತೆ, ತಿಳಿದಿರುವ ವಸ್ತುವಿನ ಹೊಸ ರೂಪವು ಅದರ ಗುಣಕಾರಿತ್ವವನ್ನು ಹೆಚ್ಚಿಸದಿದ್ದರೆ ಆವಿಷ್ಕಾರವೆನಿಸದು. ನೋವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಈ ನಿಯಮವನ್ನೇ ಎತ್ತಿಹಿಡಿಯಿತು. (ಪಿ) ಉಪಕಲಮು ಪಾರಂಪರಿಕ ಜ್ಞಾನವನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. 25ನೆಯ ಕಲಮಿನಂತೆ ಸ್ಥಳೀಯ ಸಮುದಾಯದ ಬಾಯ್ಮಾತಿನ ಜ್ಞಾನವನ್ನೂ ಆಕ್ಷೇಪಣೆಗೆ ಆಧಾರವಾಗಿಸಬಹುದು.

ಒಂದೇ ಮರ, ಮೂರು ವಿಷಯಗಳು

‘ಬೇವಿಗೆ ಪೇಟೆಂಟು’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳು ಬೆರೆತಿವೆ. ಮೊದಲನೆಯದು ಅಜಾಡಿರಾಕ್ಟಿನ್ ಎಂಬ ಸಂಯುಕ್ತ. ಬೇವಿನ ಬೀಜದ ತಿರುಳು ಕೀಟಗಳ ಆಹಾರಸೇವನೆಯನ್ನು ತಡೆಯುತ್ತದೆಂಬುದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಮಿಡತೆಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1968ರಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಈ ಸಂಯುಕ್ತವನ್ನು ಬೇರ್ಪಡಿಸಿದರು. ಅದರ ರಚನೆ ಖಚಿತವಾದದ್ದು 1985ರ ಸುಮಾರಿಗೆ. ಪ್ರಯೋಗಾಲಯದಲ್ಲಿ ಪೂರ್ಣ ಸಂಶ್ಲೇಷಣೆ ಸಾಧ್ಯವಾದದ್ದು 2007ರಲ್ಲಿ. ಪ್ರಕಟವಾಗಿ ಎಲ್ಲರಿಗೂ ತಿಳಿದ ಸಂಯುಕ್ತವನ್ನು ಅದೇ ರೂಪದಲ್ಲಿ ಮತ್ತೆ ಯಾರೂ ತಮ್ಮದೆನ್ನಲಾಗದು.

ಎರಡನೆಯದು ಅದರ ಸ್ಥಿರ ಮಿಶ್ರಣ. ಅಜಾಡಿರಾಕ್ಟಿನ್ ಬಿಸಿಲಿಗೂ ಕ್ಷಾರಕ್ಕೂ ಬೇಗ ಕೆಡುತ್ತದೆ. ಐದು ಕಿಲೋ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ ಸೋಸಿ ನೂರು ಲೀಟರು ಮಾಡಿದ ಶೇಕಡಾ 5ರ ಕಷಾಯವನ್ನು ಕೂಡಲೇ ಸಿಂಪಡಿಸಬೇಕೆನ್ನುವುದು ಇದರಿಂದಲೇ. ಬಹುಕಾಲ ಕೆಡದ ಮಿಶ್ರಣಕ್ಕೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿಗೆ 1992ರಲ್ಲಿ ಪೇಟೆಂಟು ದೊರೆಯಿತು. ಇದೇ ಕಂಪನಿಯ ಸಹಭಾಗಿತ್ವದಲ್ಲಿ ಪಿ. ಜೆ. ಮಾರ್ಗೊ ಸಂಸ್ಥೆಯು ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೀಜ ಅರೆಯಬಲ್ಲ ಘಟಕವನ್ನು ಸ್ಥಾಪಿಸಿತು. ರೈತರ ಕಷಾಯ ಪ್ರಾಚೀನವಾದರೂ ಅದು ಕೆಡದೆ ಉಳಿಯುವ ಮಿಶ್ರಣವನ್ನು ತೋರಿಸುವುದಿಲ್ಲ. ಹಾಗಾಗಿ ಈ ಬಗೆಯ ಕೋರಿಕೆಯನ್ನು ಕಷಾಯದ ಆಧಾರದಿಂದ ಮಾತ್ರ ಕೆಡಹುವುದು ಸುಲಭವಲ್ಲ.

ಮೂರನೆಯದು ಯುರೋಪಿನ ಪ್ರಸಿದ್ಧ ಪ್ರಕರಣ. ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಗೆ 1994ರಲ್ಲಿ ದೊರೆತ ಆ ಪೇಟೆಂಟು ಸಸ್ಯಗಳ ಶಿಲೀಂಧ್ರಗಳನ್ನು ಬೇವಿನ ಎಣ್ಣೆಯಿಂದ ನಿಯಂತ್ರಿಸುವ ವಿಧಾನಕ್ಕೆ ಸಂಬಂಧಿಸಿತ್ತು. ವಂದನಾ ಶಿವ, ಯುರೋಪಿಯನ್ ಸಂಸತ್ತಿನ ಹಸಿರು ಪಕ್ಷದ ಸದಸ್ಯೆ ಮಾಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟದವರು 1995ರಲ್ಲಿ ಆಕ್ಷೇಪಣೆ ಸಲ್ಲಿಸಿದರು. ಮ್ಯೂನಿಕ್‌ನ ವಿಚಾರಣೆಯಲ್ಲಿ ಭಾರತದ ಉದ್ಯಮಿ ಅಭಯ ಫಡಕೆ ಸಾಕ್ಷ್ಯ ನುಡಿದರು. ಅರ್ಜಿಗೆ ಮೊದಲೇ, 1985 ಮತ್ತು 1986ರಲ್ಲಿ, ಮಹಾರಾಷ್ಟ್ರದ ಪುಣೆ ಮತ್ತು ಸಾಂಗಲಿ ಜಿಲ್ಲೆಗಳ ಹೊಲಗಳಲ್ಲಿ ನಡೆದ ಪ್ರಯೋಗಗಳನ್ನು ಅವರು ವಿವರಿಸಿದರು. 2000ದ ಮೇ ತಿಂಗಳಲ್ಲಿ ಪೇಟೆಂಟು ರದ್ದಾಯಿತು. ಕಂಪನಿಯ ಮೇಲ್ಮನವಿ 2005ರ ಮಾರ್ಚ್ 8ರಂದು ವಜಾ ಆಯಿತು. ಶತಮಾನಗಳ ಪರಂಪರೆ ಎಂಬ ಸಾಮಾನ್ಯ ಮಾತಿಗೆ ಇಲ್ಲಿ ಸ್ಥಳ, ವರ್ಷ ಮತ್ತು ವಿಧಾನಗಳ ನಿರ್ದಿಷ್ಟತೆ ಜೊತೆಗೂಡಿತ್ತೆಂಬುದು ಗಮನಾರ್ಹ.

ದಾಖಲೆ ಮತ್ತು ಗ್ರಂಥಾಲಯ

ಯುರೋಪಿನ ಕಾನೂನು ಜಗತ್ತಿನ ಯಾವುದೇ ಭಾಗದ ಸಾರ್ವಜನಿಕ ಬಳಕೆಯನ್ನು ಪೂರ್ವಜ್ಞಾನವೆಂದು ಮನ್ನಿಸುತ್ತಿತ್ತು. ಆದರೆ ಅಮೆರಿಕದಲ್ಲಿ, 2013ರ ಮಾರ್ಚ್‌ನಲ್ಲಿ ತಿದ್ದುಪಡಿ ಜಾರಿಗೆ ಬರುವವರೆಗೆ, ಪರದೇಶದ ಬಳಕೆಗೆ ಬೆಲೆಯಿರಲಿಲ್ಲ. ಪೇಟೆಂಟು ಅಥವಾ ಮುದ್ರಿತ ಪ್ರಕಟಣೆ ಬೇಕಿತ್ತು. ಪ್ರಕಟಣೆ ಎಂದರೇನು ಎಂಬುದಕ್ಕೆ ಅಲ್ಲಿಯ ಎರಡು ತೀರ್ಪುಗಳು ಗ್ರಂಥಾಲಯಗಳ ದೃಷ್ಟಿಯಿಂದ ಮುಖ್ಯ. 1986ರ ಹಾಲ್ ಪ್ರಕರಣದಲ್ಲಿ, ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸೂಚಿಯಾಗಿ ಕಪಾಟು ಸೇರಿದ್ದ ಒಂದೇ ಒಂದು ಮಹಾಪ್ರಬಂಧವು ಸಾಕಾಯಿತು. 1989ರ ಕ್ರೋನಿನ್ ಪ್ರಕರಣದಲ್ಲಿ, ಕೇವಲ ಲೇಖಕರ ಹೆಸರಿನ ಕ್ರಮದಲ್ಲಿ ಚೀಟಿಗಳಿಗೆ ಸೇರಿಸಿದ್ದ ಪದವಿ ಪ್ರಬಂಧಗಳು ವಿಷಯಾನುಕ್ರಮದಲ್ಲಿ ದೊರೆಯದ ಕಾರಣ ಪ್ರಕಟಣೆಯೆನಿಸಲಿಲ್ಲ. ಭಾಷೆ ಯಾವುದಾದರೂ ತೊಡಕಿಲ್ಲ; ಹುಡುಕಿದವನಿಗೆ ದಿನಾಂಕಸಹಿತ ದೊರೆಯಬೇಕು.

2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವು ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ಗ್ರಂಥಸ್ಥ ವಿದ್ಯೆಗಳನ್ನು ಐದು ವಿದೇಶಿ ಭಾಷೆಗಳಿಗೆ ತಂದು ಪರೀಕ್ಷಕರ ಕೈಗಿತ್ತಿದೆ. ಹೊಲದಲ್ಲಿ ಬಳಕೆಯಲ್ಲಿದ್ದು ಗ್ರಂಥಕ್ಕೇರದ ಕೃಷಿಜ್ಞಾನ ಆ ಬಲೆಯಿಂದ ಜಾರಿಹೋಗುತ್ತದೆ. 2002ರ ಜೈವಿಕ ವೈವಿಧ್ಯ ಕಾಯಿದೆಯಡಿ ಸ್ಥಳೀಯ ಸಂಸ್ಥೆಗಳ ಸಮಿತಿಗಳು ರಚಿಸುವ ಜನತಾ ಜೀವವೈವಿಧ್ಯ ದಾಖಲೆಗಳು ಈ ಕೊರತೆಯನ್ನು ತುಂಬಬಲ್ಲವು. ಸಸ್ಯದ ಶಾಸ್ತ್ರೀಯ ಹೆಸರು, ಬಳಸುವ ಭಾಗ, ಪ್ರಮಾಣ, ಕುದಿಸುವ ಅಥವಾ ನೆನೆಸುವ ಕ್ರಮ, ಯಾವ ಪಿಡುಗಿಗೆ, ಯಾವ ಊರಿನಲ್ಲಿ, ಯಾವಾಗ ಎಂಬ ವಿವರಗಳಿಲ್ಲದೆ ‘ಬೇವು ಹುಳುವಿಗೆ ಒಳ್ಳೆಯದು’ ಎಂದಷ್ಟೇ ಬರೆದರೆ ಅದು ಯಾವ ಕೋರಿಕೆಯನ್ನೂ ತಡೆಯಲಾರದು.

ಉಪಸಂಹಾರ

ದಾಖಲಿಸುವುದೆಂದರೆ ಜಗತ್ತಿಗೆಲ್ಲ ತಿಳಿಸುವುದೂ ಹೌದು. ಆದ್ದರಿಂದ ಜ್ಞಾನವುಳ್ಳವರ ಒಪ್ಪಿಗೆ ಪಡೆದು, ಪ್ರಕಟಿಸಬೇಕಾದುದನ್ನೂ ಗೋಪ್ಯವಾಗಿಡಬೇಕಾದುದನ್ನೂ ವಿಂಗಡಿಸುವುದು ಅಗತ್ಯ. ಗೋಪ್ಯವಾಗಿಟ್ಟದ್ದು ಸಾರ್ವಜನಿಕ ಪೂರ್ವಜ್ಞಾನವೆಂದು ನಿಲ್ಲುವುದು ಕಷ್ಟವೆಂಬುದನ್ನೂ ಅವರಿಗೆ ತಿಳಿಸಬೇಕು. ಗಜೇಂದ್ರಗಡದಂಥ ಊರುಗಳ ಹಿರಿಯ ರೈತರ ಅನುಭವ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳು, ಕನ್ನಡದ ಕೃಷಿ ಪತ್ರಿಕೆಗಳ ಹಳೆಯ ಸಂಚಿಕೆಗಳು ವಿಷಯಸೂಚಿಗೆ ಸೇರಿ, ಸೇರಿದ ದಿನಾಂಕದ ಮುದ್ರೆ ಪಡೆದರೆ, ಅವು ಮುಂದಿನ ಅರ್ಜಿಗಳ ಮುಂದೆ ಸಾಕ್ಷಿಗಳಾಗಿ ನಿಲ್ಲಬಲ್ಲವು. ಸಂಶೋಧಕರು ಮತ್ತು ಗ್ರಂಥಪಾಲಕರು ಜೊತೆಯಾಗಿ ಕೈಗೊಳ್ಳಬೇಕಾದ ಕೆಲಸವಿದು.